ಅವಾಲಿಯಲ್ಲಿ ಹರಿದ ರಾಗ್‌ಟೈಮ್ ಸುರುಳಿ

ಆ ದಿನ ಫೋನ್ ಮಾಡಿದ ಟೀಚರ್‌ಗೆ ನಾನು ‘ಗೊತ್ತಿದೆ’ ಎಂದು ಹೇಳಿದ್ದು ಅರ್ಧ ಸುಳ್ಳು. ಗಾಳಿಯ ಬಲದಿಂದ ತನ್ನಷ್ಟಕ್ಕೆ ನುಡಿಯುವ ಹಳೆಯ ಪಿಯಾನೋ ಒಂದಿದೆ, ರಿಪೇರಿ ಮಾಡುತ್ತೀರಾ ಎಂದು ಅವರು ಕೇಳಿದ್ದರು. ಬಹ್ರೇನಿನ ಹೋಟೆಲು, ಶಾಲೆಗಳಲ್ಲಿ ಪಿಯಾನೋ ಶ್ರುತಿ ಮಾಡುವುದು ನನ್ನ ಕೆಲಸ. ಅದಕ್ಕೆ ಮೊದಲು ಮಂಗಳೂರಿನ ಇಗರ್ಜಿಗಳ ಹಾರ್ಮೋನಿಯಂ ಬಿಚ್ಚಿ ತಿದಿಯ ಚರ್ಮ ಬದಲಿಸಿದ್ದೇನೆ. ಗಾಳಿ, ಚರ್ಮ, ಮರ ಈ ಮೂರರ ಸ್ವಭಾವ ತಿಳಿದಿತ್ತು. ಆದರೆ ಅಂಥ ಪಿಯಾನೋದ ಹೊಟ್ಟೆಯೊಳಗೆ ಒಮ್ಮೆಯೂ ಕೈ ಹಾಕಿರಲಿಲ್ಲ.

ಪಿಯಾನೋ ಇದ್ದದ್ದು ತೈಲ ಕಂಪೆನಿಯವರ ಊರಾದ ಅವಾಲಿಯ ಒಂದು ಮನೆಯಲ್ಲಿ. ಅದರ ಯಜಮಾನರು ಎಂಬತ್ತು ದಾಟಿದ ಬಹ್ರೇನಿ, ಎಲ್ಲರೂ ಹಾಜಿ ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ತೈಲ ಕಂಪೆನಿಯಲ್ಲಿ ಪೈಪ್‌ಲೈನುಗಳ ನಕ್ಷೆ ಬರೆಯುತ್ತಿದ್ದವರು; ಈಗ ಅಲ್ಲೇ ಕೆಲಸದಲ್ಲಿರುವ ಮಗನ ಕ್ವಾರ್ಟರ್ಸಿನಲ್ಲಿ ವಾಸ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೆರಿಕನ್ ಮೇಲಧಿಕಾರಿಯೊಬ್ಬ ಊರಿಗೆ ಹೊರಡುವಾಗ ಈ ಪಿಯಾನೋವನ್ನೂ ಒಂದು ಪೆಟ್ಟಿಗೆ ಕಾಗದದ ಸುರುಳಿಗಳನ್ನೂ ಅವರಿಗೆ ಬಿಟ್ಟುಹೋಗಿದ್ದ. ಹಾಜಿಯ ಮೊಮ್ಮಗಳಿಗೆ ಶಾಲೆಯಲ್ಲಿ ಸಂಗೀತ ಕಲಿಸುವ ಟೀಚರ್ ಒಮ್ಮೆ ಆ ಮನೆಗೆ ಹೋದಾಗ ಸುರುಳಿಗಳ ಮೇಲಿನ ಚೀಟಿ ಓದುತ್ತ ಒಂದರ ಬಳಿ ನಿಂತುಬಿಟ್ಟರಂತೆ.

ಟೀಚರ್ ಅಮೆರಿಕದ ಕಪ್ಪು ಜನಾಂಗದ ಹೆಂಗಸು. ಚೀಟಿಯ ಮೇಲಿದ್ದ ಹೆಸರು ಅವರ ಕಡೆಯ ನದಿತೀರದ ಪಟ್ಟಣವೊಂದರಲ್ಲಿ ನೂರು ವರ್ಷಕ್ಕೂ ಹಿಂದೆ ಬಾಳಿದ್ದ ಕಪ್ಪು ಸಂಗೀತಗಾರನದು. ರಾಗ್‌ಟೈಮ್ ಎಂಬ ಪಿಯಾನೋ ಸಂಗೀತವನ್ನು ಮೊದಮೊದಲು ಬರೆದವರಲ್ಲಿ ಆತನೂ ಒಬ್ಬ. ಎಡಗೈ ನಡಿಗೆಯಂತೆ ನೇರ ತಾಳ ಹಿಡಿಯುತ್ತದೆ, ಬಲಗೈಯ ರಾಗ ಆ ತಾಳದ ಸಂದುಗಳಲ್ಲಿ ಬಂದು ಕೂರುತ್ತದೆ. ಕೇಳುವವರ ಕಾಲು ಸುಮ್ಮನಿರುವುದಿಲ್ಲ. ಆತ ಬರೆದದ್ದರಲ್ಲಿ ಹೆಚ್ಚಿನದನ್ನು ಪ್ರಕಾಶಕರು ಕೊಂಡು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದ್ದರು. ಸತ್ತಾಗ ಗೋರಿಗೆ ಕಲ್ಲೂ ಇರಲಿಲ್ಲ. ಈಗ ಕೆಲವು ಸಂಶೋಧಕರು ಹಳೆಯ ಕಾಗದಗಳನ್ನು ಹುಡುಕಿ ನಾಲ್ಕು ಕೃತಿಗಳು ಆತನವೇ ಎಂದು ತೋರಿಸಿದ್ದರು. ಆ ಪಟ್ಟಣದ ಗ್ರಂಥಾಲಯ ಅವನ್ನು ಅವನ ಹೆಸರಿನಲ್ಲೇ ಪುಸ್ತಕವಾಗಿ ತರುವುದರಲ್ಲಿತ್ತು. ಆತನ ಹೆಸರಿನಲ್ಲೇ ಬಂದ ಐದನೆಯದೊಂದು ಇತ್ತು ಎಂಬುದು ಹಳೆಯ ಜಾಹೀರಾತಿನಿಂದ ಗೊತ್ತು; ಅದರ ಒಂದು ಪುಟವೂ ಎಲ್ಲೂ ಸಿಕ್ಕಿರಲಿಲ್ಲ. ಅವಾಲಿಯ ಸುರುಳಿ ಆ ಐದನೆಯದು.

ಪುಸ್ತಕ ಅಚ್ಚಿಗೆ ಹೋಗಲು ಏಳು ವಾರ ಇತ್ತು. ಆ ಸಂಗೀತಗಾರನ ಮೊಮ್ಮಗಳು ಇನ್ನೂ ಬದುಕಿದ್ದಾರೆ, ತೊಂಬತ್ತು ದಾಟಿದೆ, ಬಿಡುಗಡೆಯ ದಿನಕ್ಕೆ ಕಾಯುತ್ತಿದ್ದಾರೆ ಎಂದು ಟೀಚರ್ ಹೇಳಿದರು. ಸುರುಳಿ ನುಡಿಯುವುದನ್ನು ವೀಡಿಯೊ ಮಾಡಿ ಕಳಿಸಬೇಕು, ಅದನ್ನು ಕೇಳಿ ಸ್ವರಲಿಪಿ ಬರೆಯಬೇಕು. ಪೂರ್ತಿ ಸುರುಳಿ ಸಿಕ್ಕಿದೆ ಎಂದು ಅವರು ಆಗಲೇ ಸಂಪಾದಕರಿಗೆ ಬರೆದೂ ಆಗಿತ್ತು.

ಮೊದಲ ಮೂರು ವಾರ ಪಿಯಾನೋ ಬಿಚ್ಚುವುದರಲ್ಲೇ ಹೋಯಿತು. ಅದರ ಕ್ರಮ ಹೀಗೆ: ಕಾಲಿನ ಪೆಡಲು ತುಳಿದಾಗ ಒಳಗಿನ ತಿದಿ ಗಾಳಿಯನ್ನು ಹೀರುತ್ತದೆ. ಎದುರಿಗೆ ಸಾಲಾಗಿ ತೂತುಗಳಿರುವ ಒಂದು ಹಿತ್ತಾಳೆಯ ಪಟ್ಟಿ, ಒಂದು ತೂತಿಗೆ ಒಂದು ಸ್ವರ. ಕಾಗದದ ಸುರುಳಿ ಆ ಪಟ್ಟಿಯ ಮೇಲಿಂದ ಹಾದುಹೋಗುವಾಗ ಕಾಗದದ ತೂತು ಹಿತ್ತಾಳೆಯ ತೂತಿನ ಮೇಲೆ ಬಂದ ಕೂಡಲೇ ಗಾಳಿ ನುಗ್ಗುತ್ತದೆ, ಆ ಸ್ವರದ ಸುತ್ತಿಗೆ ಬಡಿಯುತ್ತದೆ. ಪಟ್ಟಿಯಿಂದ ಒಳಕ್ಕೆ ಹೋಗುವ ರಬ್ಬರ್ ಕೊಳವೆಗಳೆಲ್ಲ ಒಣಗಿ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ಎಲ್ಲವನ್ನೂ ಬದಲಿಸಿದೆ. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ, ಮಕ್ಕಳ ಮೂಗು ಶುಚಿ ಮಾಡುವ ರಬ್ಬರ್ ಬಲ್ಬನ್ನು ಔಷಧಿ ಅಂಗಡಿಯಿಂದ ತಂದುಕೊಟ್ಟಳು. ಅದರಿಂದ ಹಿತ್ತಾಳೆಯ ಒಂದೊಂದೇ ತೂತಿನ ಧೂಳು ಹೀರಿ ತೆಗೆದೆ. ತಿದಿಗೆ ಹೊಸ ಬಟ್ಟೆ ಅಂಟಿಸಿದೆ. ಹಾಜಿ ಕುರ್ಚಿ ಹಾಕಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಹಿಂದುಸ್ತಾನಿಯಲ್ಲಿ, ಅದೂ ಬಹಳ ಕಡಿಮೆ.

ಬೇರೆ ಎರಡು ಸುರುಳಿಗಳನ್ನು ಹಾಕಿ ನೋಡಿದೆ, ಚೆನ್ನಾಗಿಯೇ ನುಡಿದವು. ಆ ಸುರುಳಿಯನ್ನು ಹಾಕುವ ಮುಂಚೆ ಪೂರ್ತಿ ಬಿಚ್ಚಿ ಅಂಚು ಪರೀಕ್ಷಿಸಬೇಕು ಎಂಬುದು ನನಗೆ ಗೊತ್ತಿತ್ತು. ಅರ್ಧದವರೆಗೆ ಬಿಚ್ಚಿದೆ. ಎಡ ಅಂಚಿನಲ್ಲಿ ಉಗುರಿನಷ್ಟು ಒಂದು ಸೀಳು ಕಂಡಿತು. ಅಂಥದ್ದೇ ಇನ್ನೂ ಮುಂದೆ ಇರಬಹುದು ಅನ್ನಿಸಿತು. ಆದರೆ ಟೀಚರ್ ಕ್ಯಾಮೆರಾ ಹಿಡಿದು ನಿಂತಿದ್ದರು, ಹಾಜಿಯ ಮಗ ರಜೆ ಹಾಕಿದ್ದ, ಸೊಸೆ ಚಹಾ ತಂದಿಟ್ಟಿದ್ದರು. ಎಲ್ಲರೂ ಕಾಯುತ್ತಿರುವಾಗ ಉಳಿದದ್ದನ್ನು ಬಿಚ್ಚಿ ನೋಡುತ್ತೇನೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಕಾಗದ ಮತ್ತೆ ಸುತ್ತಿ ಪೆಡಲು ತುಳಿಯತೊಡಗಿದೆ.

ನುಡಿಯಿತು. ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ. ಟೀಚರ್ ಕಣ್ಣು ಒರೆಸಿಕೊಂಡದ್ದನ್ನು ಓರೆಗಣ್ಣಿನಲ್ಲಿ ಕಂಡೆ. ಮೂರನೆಯ ಭಾಗ ಬಂದಾಗ ಎಡಗೈಯ ಸ್ವರಗಳು ಮೆಟ್ಟಿಲು ಇಳಿದಂತೆ ಇಳಿಯತೊಡಗಿದವು, ಬಲಗೈ ಅದರೊಡನೆ ಆಟವಾಡಿತು. ಅಷ್ಟು ಹೊತ್ತು ನಾನು ಕಾಗದದ ಅಂಚನ್ನು ನೋಡುತ್ತಿದ್ದವನು ಆಗ ಕೀಲಿಮಣೆಯ ಕಡೆ ನೋಡಿದೆ. ಆ ಭಾಗ ಎರಡನೆಯ ಸಲ ಮುಗಿಯುತ್ತಿದ್ದಂತೆ ಕಾಗದ ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿದಿರಬೇಕು. ನಾನು ನೋಡದೆ ಬಿಟ್ಟಿದ್ದ ಇನ್ನೊಂದು ಸೀಳು, ಕಾಗದ ಸುತ್ತಿಕೊಳ್ಳುವ ರಾಟೆಯ ಅಂಚಿಗೆ ಸಿಕ್ಕಿಕೊಂಡಿತು. ಕರ್ ಎಂಬ ಸದ್ದು ಕಿವಿಗೆ ಬಿದ್ದ ಮೇಲೂ ನನ್ನ ಕಾಲು ಇನ್ನೆರಡು ಸಲ ತುಳಿಯಿತು. ನಿಲ್ಲಿಸುವಷ್ಟರಲ್ಲಿ ಒಂದೂವರೆ ಅಡಿ ಕಾಗದ ಒಣ ಎಲೆಯಂತೆ ಮುದುಡಿ ಚೂರಾಗಿತ್ತು.

ಟೀಚರ್ ಕ್ಯಾಮೆರಾ ಕೆಳಗಿಟ್ಟು ಹೊರಗೆ ಹೋದರು. ವೀಡಿಯೊ ಏನಾದರೂ ಉಳಿದಿದೆಯೇ ಎಂದು ಆಮೇಲೆ ನೋಡಿದಾಗ, ಕ್ಯಾಮೆರಾ ನಮ್ಮ ಮುಖಗಳ ಕಡೆ ತಿರುಗಿತ್ತು. ಹರಿಯುವ ಮುಂಚಿನ ನುಡಿಕೆ ಪೆಡಲಿನ ಸದ್ದಿನ ನಡುವೆ ಮಸುಕಾಗಿ ಇತ್ತು, ಅಲ್ಲಿಂದ ಮುಂದೆ ಏನೂ ಇಲ್ಲ. ಹಾಜಿ ಎದ್ದು ಬಂದು ಪಿಯಾನೋದ ಮುಚ್ಚಳ ಮುಚ್ಚಿದರು. “ಖಲಾಸ್, ಸದೀಕ್,” ಎಂದರು. ಗೆಳೆಯ ಎಂಬರ್ಥದ ಆ ‘ಸದೀಕ್’ನಲ್ಲಿ ಗೆಳೆತನ ಇರಲಿಲ್ಲ. ಅರವತ್ತು ವರ್ಷ ಅವರ ಕೈಯಲ್ಲಿ ಹರಿಯದೆ ಉಳಿದದ್ದು ನನ್ನ ಕೈಯಲ್ಲಿ ಅರ್ಧ ಗಂಟೆಯೂ ಉಳಿದಿರಲಿಲ್ಲ. ನಾನು ಮಂಡಿಯೂರಿ ಚೂರುಗಳನ್ನು ಒಂದೊಂದಾಗಿ ಆರಿಸಿ ಲಕೋಟೆಗೆ ಹಾಕಿದೆ. ಕೆಲವು ಮುಟ್ಟಿದರೆ ಪುಡಿಯಾಗುತ್ತಿದ್ದವು.

ಗುದೈಬಿಯಾದ ನಮ್ಮ ಫ್ಲ್ಯಾಟಿಗೆ ಬಂದವನು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಕೆಳಗಿನ ಹೋಟೆಲಿನವರು ಕಳಿಸಿದ ಊಟ ಹಾಗೇ ತಣಿಯುತ್ತಿತ್ತು. ಮೂರನೆಯ ದಿನ ಟೀಚರ್ ಫೋನ್ ಮಾಡಿದರು. ಸಿಟ್ಟು ಇರಲಿಲ್ಲ, ಗಾಬರಿ ಇತ್ತು. ಅಪೂರ್ಣ ಕೃತಿಯಾದರೆ ಪುಸ್ತಕದ ಕೊನೆಯಲ್ಲಿ ಅನುಬಂಧವಾಗಿ ಹಾಕುತ್ತಾರೆ, ಬಿಡುಗಡೆಯ ದಿನ ನುಡಿಸುವುದೂ ಇಲ್ಲ ಎಂದರು. ಉಳಿದ ಸುರುಳಿಯನ್ನು ಟೇಪು ಹಚ್ಚಿ ಇನ್ನೊಮ್ಮೆ ನುಡಿಸಿದರೆ ಮುಂದಿನ ಭಾಗ ಸಿಗುತ್ತದೆ, ಹರಿದ ಜಾಗವನ್ನು ತಾನೇ ಊಹಿಸಿ ಬರೆದು ಸೇರಿಸಬಲ್ಲೆ, ಆತನ ಶೈಲಿ ತನಗೆ ಚೆನ್ನಾಗಿ ಗೊತ್ತು ಎಂದೂ ಹೇಳಿದರು. ಅವರು ಮೋಸಕ್ಕಾಗಿ ಹೇಳಲಿಲ್ಲ. ಆ ಮುದುಕಿ ಪೂರ್ತಿ ಕೇಳಲಿ ಎಂದಷ್ಟೇ ಅವರ ಆಸೆ. ನನಗೂ ಆ ಕ್ಷಣ ಅದು ಬಚಾವಾಗುವ ದಾರಿಯಂತೆ ಕಂಡಿತು.

ಆದರೆ ಇನ್ನೊಮ್ಮೆ ಪೆಡಲು ತುಳಿಯಲು ನನ್ನಿಂದ ಆಗುತ್ತಿರಲಿಲ್ಲ. ಲಕೋಟೆಯ ಚೂರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಒಂದು ಚೂರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ಇದನ್ನು ನುಡಿಸಲೇಬೇಕು ಅಂತ ಎಂತಕ್ಕೆ? ತೂತು ಕಾಣ್ತದಲ್ಲ, ಓದ್ಲಿಕ್ಕೆ ಆಗುದಿಲ್ವಾ?”

ಆಗುತ್ತದೆ. ಕಾಗದದ ಅಗಲ ಹನ್ನೊಂದೂ ಕಾಲು ಇಂಚು, ಇಂಚಿಗೆ ಒಂಬತ್ತು ತೂತುಗಳ ಜಾಗ. ಎಡ ಅಂಚಿನಿಂದ ಅಳೆದರೆ ಯಾವ ಸ್ವರ ಎಂದು ಗೊತ್ತಾಗುತ್ತದೆ, ತೂತಿನ ಉದ್ದ ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುತ್ತದೆ. ಯಂತ್ರ ಮಾಡುವ ಕೆಲಸವನ್ನು ಕಣ್ಣಿನಿಂದ ಮಾಡಬೇಕು, ಅಷ್ಟೇ. ಸಾವಿರಾರು ತೂತುಗಳು, ಉಳಿದದ್ದು ನಾಲ್ಕೇ ವಾರ. ನಾವು ಮನೆಯಲ್ಲಿ ಮಾತಾಡುವ ಕೊಂಕಣಿಯಲ್ಲಿ ಅವಳಿಗೆ ಇದನ್ನೆಲ್ಲ ವಿವರಿಸುತ್ತಲೇ ಸ್ಕೇಲು ತೆಗೆದು ಒಂದು ಚೂರನ್ನು ಅಳೆದೆ. ಮುಚ್ಚಿದ ಕ್ಲಿನಿಕ್ ಒಂದರಿಂದ ಅವಳ ಗೆಳತಿಯೊಬ್ಬಳು ಎಕ್ಸ್‌ರೇ ನೋಡುವ ಲೈಟಿನ ಪೆಟ್ಟಿಗೆ ತಂದಿಟ್ಟುಕೊಂಡಿದ್ದಳು. ಮರುದಿನ ಅದು ನಮ್ಮ ಮನೆಗೆ ಬಂತು.

ಅದನ್ನು ಕಾರಿನಲ್ಲಿ ಹಾಕಿಕೊಂಡು ಅವಾಲಿಗೆ ಹೋದೆ. ಹಾಜಿ ಬಾಗಿಲಲ್ಲೇ ನಿಂತರು. ಒಳಗೆ ಬಾ ಎನ್ನಲಿಲ್ಲ. ತಪ್ಪು ನನ್ನದು, ಅಂಚಿನ ಸೀಳು ಕಂಡೂ ಪೂರ್ತಿ ನೋಡದೆ ಹಾಕಿದೆ ಎಂದು ಹೇಳಿದೆ. ಇನ್ನು ಮುಂದೆ ಈ ಸುರುಳಿಯನ್ನು ಪಿಯಾನೋಗೆ ಹಾಕುವುದಿಲ್ಲ, ಬೆಳಕಿನ ಮೇಲಿಟ್ಟು ಓದುತ್ತೇನೆ, ನಿಮ್ಮ ಮನೆಯಿಂದ ಹೊರಗೂ ಒಯ್ಯುವುದಿಲ್ಲ ಎಂದೆ. ಅವರು ಲೈಟಿನ ಪೆಟ್ಟಿಗೆ ನೋಡಿದರು, ನನ್ನ ಕೈಯಲ್ಲಿದ್ದ ಟೇಪಿನ ಸುರುಳಿ ನೋಡಿದರು.

“ಟೇಪ್ ಹಚ್ಚಬೇಡ,” ಎಂದರು. “ಮೊದಲು ಅಳತೆ.”

ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ನಕ್ಷೆ ಬರೆಯುವ ಓರೆ ಮೇಜು, ಉದ್ದದ ಸ್ಕೇಲುಗಳು, ಟ್ರೇಸಿಂಗ್ ಕಾಗದದ ಒಂದು ದೊಡ್ಡ ಸುರುಳಿ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಪೆನ್ಸಿಲುಗಳು ಕೆತ್ತಿಟ್ಟೇ ಇದ್ದವು.

ಅಂದಿನಿಂದ ಶುಕ್ರವಾರಗಳು ಇಡೀ ದಿನ, ಉಳಿದ ದಿನ ಮಧ್ಯಾಹ್ನ ಮೂರರಿಂದ ಸಂಜೆಯ ಮಗ್ರಿಬ್ ಬಾಂಗಿನವರೆಗೆ ಅಲ್ಲೇ ಕೂತೆ. ನಾನು ಬೆಳಕಿನ ಪೆಟ್ಟಿಗೆಯ ಮೇಲೆ ಕಾಗದವನ್ನು ಒಂದೊಂದು ಅಡಿ ಸರಿಸಿ, ಗಾಜಿನ ತುಂಡಿನಿಂದ ಒತ್ತಿ, ತೂತಿನ ಸಂಖ್ಯೆ ಮತ್ತು ಉದ್ದ ಹೇಳುತ್ತಿದ್ದೆ. ಹಾಜಿ ಪಿಯಾನೋದ ಒಂದು ಸ್ವರಕ್ಕೆ ಒಂದರಂತೆ ಎಂಬತ್ತೆಂಟು ಗೆರೆ ಎಳೆದ ಟ್ರೇಸಿಂಗ್ ಕಾಗದದ ಮೇಲೆ ಅದನ್ನು ಇಳಿಸುತ್ತಿದ್ದರು. ಎಸಿ ಹಾಕಿದರೆ ಕಾಗದ ಒಣಗಿ ಸುಕ್ಕುಗಟ್ಟುತ್ತದೆ, ಆರಿಸಿದರೆ ನಮ್ಮ ಬೆವರು ಅದರ ಮೇಲೆ ಬೀಳುತ್ತದೆ. ಬಾಗಿಲ ಬಳಿ ಒದ್ದೆ ಟವೆಲು ನೇತುಹಾಕಿ ಎಸಿಯನ್ನು ಸಣ್ಣಗೆ ಇಟ್ಟೆವು. ಎರಡನೆಯ ವಾರ ನಾನು ಒಂದು ಗೆರೆ ತಪ್ಪಿ ಎಣಿಸಿದ್ದು ಗೊತ್ತಾಯಿತು. ಎರಡು ದಿನದ ಕೆಲಸ ಅಳಿಸಿ ಮತ್ತೆ ಮಾಡಬೇಕಾಯಿತು. ಹಾಜಿ ರಬ್ಬರ್ ತೆಗೆದುಕೊಟ್ಟರು. ಮನೆಗೆ ಬಂದು ಕಣ್ಣು ಮುಚ್ಚಿದರೂ ತೂತುಗಳೇ ಕಾಣುತ್ತಿದ್ದವು. ದಿನ ಸಾಕಾಗುವುದಿಲ್ಲ ಎಂಬ ಭಯಕ್ಕೆ ಬೆಳಗಿನ ಎರಡು ಹೋಟೆಲುಗಳ ಕೆಲಸವನ್ನೂ ಮುಂದಕ್ಕೆ ಹಾಕಿದೆ.

ನಕ್ಷೆ ಮುಗಿದಷ್ಟೂ ಟೀಚರ್ ಅದರ ಫೋಟೊ ನೋಡಿ ಸ್ವರಲಿಪಿಗೆ ಇಳಿಸುತ್ತಿದ್ದರು. ಹರಿದ ಜಾಗ ಕೊನೆಗೆ ಉಳಿಯಿತು. ಮೂರನೆಯ ಭಾಗ ಎರಡು ಸಲ ಬರುವುದರಿಂದ ಅಲ್ಲಿ ಹರಿದದ್ದನ್ನು ಮೊದಲ ಸಲದ್ದರಿಂದ ತುಂಬಬಹುದಿತ್ತು. ಕಷ್ಟ ಇದ್ದದ್ದು ಅದರ ನಂತರ. ಮೂರನೆಯ ಭಾಗದಿಂದ ನಾಲ್ಕನೆಯದಕ್ಕೆ ದಾಟಿಸುವ ಒಂದು ಚಿಕ್ಕ ತುಂಡು, ಒಂದೇ ಸಲ ಬರುವಂಥದ್ದು. ಲಕೋಟೆಯ ಚೂರುಗಳನ್ನು ಇಕ್ಕುಳದಲ್ಲಿ ಎತ್ತಿ, ಅಂಚಿಗೆ ಅಂಚು ಹೊಂದಿಸಿ ಬೆಳಕಿನ ಮೇಲೆ ಜೋಡಿಸುತ್ತ ಹೋದೆವು. ತಾಳದ ಆರು ಆವರ್ತಗಳು ಹೀಗೆ ಮರಳಿ ಬಂದವು. ಎರಡು ಬರಲಿಲ್ಲ. ನಾಲ್ಕೈದು ಇಂಚು ಕಾಗದ ಪುಡಿಯಾಗಿ, ಬಹುಶಃ ನಾನೇ ಗುಡಿಸಿ ಎಸೆದ ಧೂಳಿನಲ್ಲಿ ಹೋಗಿತ್ತು.

ಟೀಚರ್ ಆ ಸಂಜೆ ಬಂದಿದ್ದರು. ಎರಡೇ ಆವರ್ತ, ಮುಂದೆ ಹಿಂದೆ ಎಲ್ಲ ಇದೆ, ಹೇಗಿರಬಹುದು ಎಂದು ನುಡಿಸಿ ತೋರಿಸಿದರು. ತುಂಬ ಚೆನ್ನಾಗಿತ್ತು. ಯಾರಿಗೂ ಗೊತ್ತಾಗದಂತಿತ್ತು. ನಾನು ಹಾಜಿಯ ಕಡೆ ನೋಡಿದೆ. ಖಾಲಿ ಜಾಗದಲ್ಲಿ ಆ ಸ್ವರಗಳನ್ನು ಗುರುತು ಮಾಡೋಣವೇ ಎಂದು ಕೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು.

“ಮರಳಿನ ಕೆಳಗೆ ಪೈಪ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ರೆ ನಾವು ನಕ್ಷೆಯಲ್ಲಿ ಆ ಜಾಗ ಖಾಲಿ ಬಿಡ್ತಿದ್ದೆವು, ಸದೀಕ್. ಅಂದಾಜಿಗೆ ಎಳೆದ್ರೆ ಚೆಂದ ಕಾಣ್ತದೆ. ನಾಳೆ ಅಲ್ಲಿ ಅಗೆಯುವವ ಅದನ್ನು ನಂಬ್ತಾನೆ.”

ಟೀಚರ್‌ಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೀಲಿಮಣೆಯ ಮೇಲಿಂದ ಕೈ ತೆಗೆದರು. ಆಮೇಲೆ, ಆತ ಬರೆದದ್ದರ ಮೇಲೆ ಬೇರೆಯವರ ಹೆಸರು ಬಂದದ್ದೇ ಸಾಕಲ್ಲವೇ, ಈಗ ತಾನು ಬರೆದದ್ದರ ಮೇಲೆ ಆತನ ಹೆಸರು ಹಾಕಹೊರಟೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎರಡು ಆವರ್ತ ಖಾಲಿ ಇರಲಿ ಎಂದು ತೀರ್ಮಾನವಾಯಿತು.

ಸಂಪಾದಕರಿಗೆ ಟಿಪ್ಪಣಿ ಬರೆಯುವುದು ನನ್ನ ಪಾಲಿಗೆ ಬಂತು. ಕಾಗದ ಹಳೆಯದಾಗಿದ್ದು ಎರಡು ಆವರ್ತಗಳು ಹರಿದುಹೋಗಿವೆ ಎಂದು ಬರೆದೆ. ಸುಳ್ಳಲ್ಲ. ಕಳಿಸುವ ಮುಂಚೆ ಹೆಂಡತಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

“ಹರಿದು ಹೋಯ್ತು ಅಂತ ಬರೆದ್ರೆ ಅದು ತನ್ನಷ್ಟಕ್ಕೇ ಹರಿದ ಹಾಗೆ ಆಗ್ತದೆ ಅಲ್ವಾ?” ಎಂದಳು.

ನನ್ನ ಹೆಸರು ಹಾಕಿದರೆ ನಾಳೆ ಇಲ್ಲಿನ ಹೋಟೆಲಿನವರು ಓದಿ, ಈ ಮನುಷ್ಯನ ಕೈಗೆ ಪಿಯಾನೋ ಕೊಡುವುದು ಹೇಗೆ ಎನ್ನುವುದಿಲ್ಲವೇ ಎಂದೆ. ಅನ್ನಬಹುದು ಎಂದಳು, ಅಷ್ಟೇ. ಸಮಾಧಾನ ಮಾಡಲಿಲ್ಲ. ನಾನು ಟಿಪ್ಪಣಿ ತಿದ್ದಿದೆ. ಅಂಚಿನ ಸೀಳನ್ನು ಕಂಡೂ ಪೂರ್ತಿ ಪರೀಕ್ಷಿಸದೆ ಸುರುಳಿಯನ್ನು ನುಡಿಸಿದೆ, ಈ ಎರಡು ಆವರ್ತಗಳು ನನ್ನ ಕೈಯಲ್ಲಿ ನಾಶವಾದವು ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿ ಕಳಿಸಿದೆ. ಐದು ದಿನ ಉತ್ತರ ಬರಲಿಲ್ಲ. ಆ ಐದು ದಿನ ನಾನು ಶ್ರುತಿ ಮಾಡಿದ ಪಿಯಾನೋಗಳನ್ನೆಲ್ಲ ಎರಡೆರಡು ಸಲ ಪರೀಕ್ಷಿಸಿದೆ. ಆರನೆಯ ದಿನ ಎರಡೇ ಸಾಲು ಬಂತು: ಕೃತಿ ಅನುಬಂಧಕ್ಕೆ ಹೋಗುವುದಿಲ್ಲ, ಐದನೆಯದಾಗಿಯೇ ಬರುತ್ತದೆ. ಖಾಲಿ ಆವರ್ತಗಳನ್ನು ಖಾಲಿಯಾಗಿಯೇ ಅಚ್ಚು ಮಾಡುತ್ತೇವೆ.

ಬಿಡುಗಡೆಯ ದಿನ ಅಲ್ಲಿ ಬೆಳಿಗ್ಗೆ, ನಮಗೆ ಸಂಜೆ. ಅವಾಲಿಯ ಮನೆಯಲ್ಲಿ ಸೇರಿದೆವು: ಹಾಜಿ, ಅವರ ಮನೆಯವರು, ನಾನು, ನನ್ನ ಹೆಂಡತಿ. ಟೀಚರ್ ಪಿಯಾನೋ ಎದುರು. ಪರದೆಯಲ್ಲಿ ಗ್ರಂಥಾಲಯದ ಸಭಾಂಗಣ, ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಸಣ್ಣಗೆ, ನೆಟ್ಟಗೆ ಕೂತ ಅಜ್ಜಿ, ಸಂಗೀತಗಾರನ ಮೊಮ್ಮಗಳು. ಟೀಚರ್ ಸ್ವತಃ ಕೈಯಿಂದ ನುಡಿಸಿದರು. ಮೂರನೆಯ ಭಾಗ ಮುಗಿದು ಆ ಜಾಗ ಬಂದಾಗ ಕೈ ಎತ್ತಿ, ನಾಲ್ಕು ಎಣಿಕೆ ಸುಮ್ಮನಿದ್ದು, ಮತ್ತೆ ಸೇರಿಕೊಂಡರು. ನನಗೆ ಅದು ಬಹಳ ದೀರ್ಘ ಅನ್ನಿಸಿತು.

ಚಪ್ಪಾಳೆ ಮುಗಿದ ಮೇಲೆ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಆ ಹುಡುಗಿ ನಡುವೆ ಯಾಕೆ ನಿಲ್ಲಿಸಿದಳು ಎಂದು. ಟೀಚರ್ ನನ್ನ ಕಡೆ ತಿರುಗಿದರು. ನಾನು ಪರದೆಯ ಎದುರು ಬಂದು ನಡೆದದ್ದನ್ನು ಹೇಳಿದೆ. ನನ್ನ ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲವೆಂದು ಅಜ್ಜಿಯ ಪಕ್ಕದಲ್ಲಿದ್ದ ಯುವತಿ ಅವರ ಕಿವಿಗೆ ಬಗ್ಗಿ ಜೋರಾಗಿ ಮತ್ತೆ ಹೇಳಿದಳು: ಕಾಗದವನ್ನು ಅವರೇ ಹರಿದರಂತೆ. ಅಜ್ಜಿ ನನ್ನನ್ನು ನೋಡುತ್ತಲೇ ಇದ್ದರು.

“ನಮ್ಮಜ್ಜನದು ಕಳೆದುಹೋದದ್ದು ಬಹಳ ಇದೆ,” ಎಂದರು. “ಇದು ನನ್ನಿಂದ ಆಯಿತು ಅಂತ ಬಂದು ಹೇಳಿದವರು ನೀವೇ ಮೊದಲು.”

ಅಷ್ಟು ಹೇಳಿ ಅವರು ಟೀಚರ್ ಕಡೆ ತಿರುಗಿದರು. ತುಂಬ ವೇಗವಾಯಿತು ಎಂದರು. ಈ ಕೃತಿಯನ್ನು ತಾನು ಕೇಳಿದ್ದಿಲ್ಲ, ಆದರೆ ತನ್ನ ತಾಯಿ ತನ್ನನ್ನು ಎತ್ತಿಕೊಂಡು ತಮ್ಮ ಅಪ್ಪನ ಬೇರೆ ಹಾಡುಗಳನ್ನು ಗುನುಗುತ್ತ ಮನೆಯೊಳಗೆ ನಡೆಯುತ್ತಿದ್ದರು, ಆ ನಡಿಗೆ ಇಷ್ಟು ಅವಸರದ್ದಲ್ಲ ಎಂದರು. ತೂತುಗಳನ್ನು ಓದಿದ ನಮಗೆ ಯಾವ ಸ್ವರ, ಎಷ್ಟು ಉದ್ದ ಎಂದು ಗೊತ್ತಾಗಿತ್ತೇ ಹೊರತು ಕಾಗದ ಎಷ್ಟು ವೇಗವಾಗಿ ಓಡಬೇಕು ಎಂದು ಗೊತ್ತಿರಲಿಲ್ಲ. ಆ ಸಂಖ್ಯೆ ಇರಬೇಕಾದ ಸುರುಳಿಯ ತುದಿ ನಮ್ಮ ಕೈಗೆ ಬರುವ ಮೊದಲೇ ಮಾಸಿಹೋಗಿತ್ತು. ಅಜ್ಜಿ ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು. ನಾನು ಫೋನಿನಲ್ಲಿ ತಾಳದ ವೇಗ ಎಣಿಸುವ ಮೆಟ್ರೊನೋಮ್ ತೆರೆದು ಅದಕ್ಕೆ ಹೊಂದಿಸಿದೆ. ಟೀಚರ್ ಮತ್ತೆ ಮೊದಲಿನಿಂದ ನುಡಿಸಿದರು.

ನಿಧಾನವಾದಾಗ ಮೂರನೆಯ ಭಾಗದ ಎಡಗೈ ನಿಜಕ್ಕೂ ಯಾರೋ ಮನೆಯೊಳಗೆ ನಡೆದಾಡಿದಂತೆ ಕೇಳಿಸಿತು. ಖಾಲಿ ಜಾಗ ಬಂತು, ಟೀಚರ್ ಕೈ ಎತ್ತಿದರು. ಪರದೆಯಲ್ಲಿ ಅಜ್ಜಿಯ ಬೆರಳು ನಿಲ್ಲಲಿಲ್ಲ. ಸ್ವಲ್ಪ ತಡವಾಗಿ ನಮ್ಮನ್ನು ತಲುಪುತ್ತಿದ್ದ ಚಿತ್ರದಲ್ಲಿ ಅದು ಒಂದು, ಎರಡು, ಮೂರು, ನಾಲ್ಕು ಎಂದು ತಟ್ಟುತ್ತಲೇ ಇತ್ತು, ಅಷ್ಟರಲ್ಲಿ ಪಿಯಾನೋ ಮತ್ತೆ ಶುರುವಾಗಿತ್ತು.

ಮರುದಿನ ವೇಗದ ಸಂಖ್ಯೆಯನ್ನು ಸಂಪಾದಕರಿಗೆ ಬರೆದು ಕಳಿಸಿದೆ. ಎರಡನೆಯ ಮುದ್ರಣದಲ್ಲಿ ಅದನ್ನು ಸೇರಿಸಿದ್ದಾರೆ. ಆ ಸಂಖ್ಯೆಯ ಪಕ್ಕದಲ್ಲಿ ಮೊಮ್ಮಗಳ ಹೆಸರಿದೆ. ಖಾಲಿ ಆವರ್ತಗಳ ಕೆಳಗೆ ನನ್ನದು.